ಹಿಂದೆ ಕೂತವನ ಮಾತು

ತಮ್ಮಾ, ಅಭಿ ಎಂಬ ಕತ್ತೆಯೇ,

ಹೀಗೆ ಕರೆದರೆ ಮಾತ್ರ ನೀನು ಮುಂದೆ ಓದುತ್ತೀಯ. ‘ಪ್ರೀತಿಯ ತಮ್ಮನಿಗೆ’ ಎಂದು ಶುರು ಮಾಡಿದ್ದರೆ, ‘ಏನಕ್ಕಾ, ಏನ್ ಕೆಲ್ಸ ಆಗ್ಬೇಕಿತ್ತು?’ ಎಂದು ಹಲ್ಲು ಕಿರಿಯುತ್ತಿದ್ದೆ. ನೀನು ಹೋಗಿ ವರ್ಷವಾಗುತ್ತಾ ಬಂತು. ಇಷ್ಟು ದಿನ ಒಂದು ಸಾಲೂ ಬರೆಯದವಳು ಇವತ್ತೇಕೆ ಬರೆಯುತ್ತಿದ್ದಾಳೆ ಅಂತ ಕೇಳುತ್ತೀಯಲ್ಲ? ಬರೆಯುವಂಥದ್ದು ಏನೂ ಇರಲಿಲ್ಲ ಕಣೋ. ಅಳು ಇತ್ತು, ಅದನ್ನು ಬರೆದು ಏನು ಮಾಡಲಿ? ಈಗ ಹೇಳುವ ಸಂಗತಿ ಇದೆ. ನಿನ್ನ ಜೀವದ ಗೆಳೆಯ ಮನೋಜನ ಮೇಲೆ ನಾನು ಸೇಡು ತೀರಿಸಿಕೊಂಡೆ. ತೀರಿಸಿಕೊಳ್ಳುತ್ತಲೇ ಇದ್ದೇನೆ. ಪೂರ್ತಿ ಕೇಳು, ನಡುವೆ ಎದ್ದು ಹೋಗಬೇಡ.

ಸೋಮವಾರ ಬೆಳಿಗ್ಗೆ ಅಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಈಶ್ವರನ ಗುಡಿಗೆ ಹೋಗುತ್ತಿದ್ದೆಯಲ್ಲ, ಅದು ನೆನಪಾಗುತ್ತದೆ. ಅಮ್ಮ ಒಂದು ಪಕ್ಕಕ್ಕೆ ಕಾಲು ಹಾಕಿ ಕೂತು, ಒಂದು ಕೈಯಲ್ಲಿ ಹಣ್ಣು ಕಾಯಿಯ ಕವರು, ಇನ್ನೊಂದು ಕೈ ನಿನ್ನ ಭುಜದ ಮೇಲೆ. ನಾನು ಗೇಟಿನಲ್ಲಿ ನಿಂತು ನಗುತ್ತಿದ್ದೆ. ನೀನು ಇಂಡಿಕೇಟರ್ ಹಾಕಿದ್ದು ಸಾಲದು ಅಂತ ಕೈಯನ್ನೂ ಚಾಚುತ್ತಿದ್ದೆ. ಹಂಪು ಬರುವ ಮೊದಲೇ, “ಅಮ್ಮಾ, ಹಂಪ್ ಬಂತು, ಗಟ್ಟಿಯಾಗ್ ಹಿಡ್ಕೋ” ಎಂದು ಕೂಗುತ್ತಿದ್ದೆ. ಎಳನೀರಿನ ಸೈಕಲ್ಲಿನವನು ಕೂಡ ನಿನ್ನನ್ನು ದಾಟಿ ಹೋಗುತ್ತಿದ್ದ. ನಾನು ಹಿಂದೆ ಕೂತರೆ ನೀನು ಇನ್ನೊಂದು ಥರ. ಸ್ವಲ್ಪ ಜೋರಾದರೆ ನಾನು ಸೊಂಟ ಚಿವುಟುತ್ತಿದ್ದೆ, ನೀನು ನಡುರಸ್ತೆಯಲ್ಲಿ “ಅಮ್ಮಾ ನೋಡು ಇವ್ಳನ್ನ” ಎಂದು ಅರಚುತ್ತಿದ್ದೆ. ಬೈದುಕೊಂಡೇ ನಿಧಾನ ಮಾಡುತ್ತಿದ್ದೆ.

ಒಂದು ಸಂಜೆ ಚಂದ್ರಾ ಲೇಔಟ್ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ನಿನ್ನ ಮೂರನೇ ಅವತಾರ ಕಂಡೆ. ನೀನು ನನ್ನನ್ನು ನೋಡಲಿಲ್ಲ. ಮನೋಜ ಹಿಂದೆ ಕೂತು ನಿನ್ನ ಎರಡೂ ಭುಜಕ್ಕೆ ತಮಟೆ ಬಾರಿಸಿದಂತೆ ಬಾರಿಸುತ್ತಿದ್ದ. “ಹಾಕು ಮಗಾ, ಹಾಕು ಹಾಕು!” ನೀನು ಬಸ್ಸಿಗೂ ಕಾರಿಗೂ ನಡುವಿನ ಸಂದಿಯಲ್ಲಿ ತೂರಿ ಹೋದೆ. ಯಾರಪ್ಪಾ ಈ ಪುಂಡ ಎಂದುಕೊಂಡು ನೋಡಿದರೆ ನಮ್ಮದೇ ಸ್ಕೂಟರು. ಅದೇ ಗಾಡಿ, ಅದೇ ಕೈ, ಅದೇ ಹುಡುಗ. ಹಿಂದೆ ಕೂತವರು ಬದಲಾದರೆ ಓಡಿಸುವವನೇ ಬದಲಾಗುತ್ತಾನೆ ಎಂದು ಅವತ್ತು ಗೊತ್ತಾಯಿತು. ಮನೆಗೆ ಬಂದು ಬೈದೆ. “ಮನೋಜ ಸುಮ್ನೆ ತಮಾಷೆ ಮಾಡ್ತಾನೆ ಕಣಕ್ಕಾ” ಅಂದೆ. ಈಗ ಹೇಳು, ಎಷ್ಟು ತಮಾಷೆ ಆಯಿತು?

ಆ ಸ್ಕೂಟರಿನ ಕೀಗಾಗಿ ನಾನು ಅಪ್ಪನ ಜೊತೆ ಆಡಿದ ಜಗಳಗಳು ನಿನಗೂ ಗೊತ್ತು. ಲೈಸೆನ್ಸ್ ಬರುವ ವಯಸ್ಸಾಗಿಲ್ಲ, ಯಾಕೆ ಕೊಡುತ್ತೀರಿ ಎಂದರೆ ಅಪ್ಪನದು ಒಂದೇ ಉತ್ತರ. “ಇಲ್ಲೇ ಹತ್ರ ತಾನೇ. ಅಂಗಡಿಗೆ ಊಟದ ಡಬ್ಬಿ ತರ್ತಾನೆ, ವಾಪಸ್ ಹೋಗ್ತಾನೆ. ಒಳ ರಸ್ತೆಲಿ ಹೋಗು ಅಂದಿದೀನಿ, ಬಿಡು.” ವಿಜಯನಗರದ ಪಾತ್ರೆ ಅಂಗಡಿಯಲ್ಲಿ ಕೂತು ಊರಿನವರಿಗೆಲ್ಲ ಒಳ್ಳೆಯ ಸ್ಟೀಲು ಯಾವುದು, ಕೆಟ್ಟ ಸ್ಟೀಲು ಯಾವುದು ಎಂದು ಹೇಳುವ ಮನುಷ್ಯ, ಮಗನ ವಿಷಯಕ್ಕೆ ಬಂದರೆ ‘ಇಲ್ಲೇ ಹತ್ರ ತಾನೇ’. ಇನ್ನು ಚಿಕ್ಕಪ್ಪ! ಡೈನಿಂಗ್ ಟೇಬಲ್ ಮೇಲೆ ನೀರಿನ ಲೋಟ, ಉಪ್ಪಿನಕಾಯಿ ಜಾಡಿ ಇಟ್ಟು ನಿನಗೆ ಪಾಠ ಮಾಡಿದ್ದರಲ್ಲ. “ಇಲ್ಲೊಬ್ಬ ಮಾಮ ನಿಂತಿರ್ತಾನೆ, ಇಲ್ಲೊಬ್ಬ. ಮಾಮ ಕಂಡ್ರೆ ಸೀದಾ ಹೋಗ್ಲೇಬೇಡ, ಗಾಡಿ ತಿರುಗಿಸ್ಬಿಡು, ಅಷ್ಟೇ.” ಟ್ರಾಫಿಕ್ ಪೊಲೀಸರಿಗೆ ಮಾಮ ಅನ್ನುವುದು ನಿಮ್ಮ ಹುಡುಗರ ಭಾಷೆ ಎಂದುಕೊಂಡಿದ್ದೆ. ಮನೆಯ ದೊಡ್ಡವರದ್ದೂ ಅದೇ ಭಾಷೆ. ಪೊಲೀಸಿಗೆ ಹೆದರುವುದನ್ನು ನಿನಗೆ ಎಲ್ಲರೂ ಸೇರಿ ಕಲಿಸಿದರು. ಬಸ್ಸಿಗೆ, ಟ್ಯಾಂಕರಿಗೆ ಹೆದರುವುದನ್ನು ಒಬ್ಬರೂ ಕಲಿಸಲಿಲ್ಲ.

ಆ ಬೆಳಿಗ್ಗೆ ನೀನು ಅವರೆಕಾಳು ಉಪ್ಪಿಟ್ಟನ್ನು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದೆ. ಪ್ರಾಕ್ಟಿಕಲ್ಸ್ ಇದೆ, ಲೇಟಾಯ್ತು ಅಂದೆ. ಅಪ್ಪ ಕೀ ಕೊಟ್ಟರು. ನೀನು ಹೆಲ್ಮೆಟ್ ಹಾಕಿಕೊಂಡೆ, ನಾನೇ ನೋಡಿದೆ. ದಾರಿಯಲ್ಲಿ ಮನೋಜನನ್ನು ಹತ್ತಿಸಿಕೊಂಡೆ. ಅವನಿಗೆ ಹೆಲ್ಮೆಟ್ ಹಾಕಿದರೆ ಕೂದಲು ಹಾಳಾಗುತ್ತದೆಯಲ್ಲ, ಮಹಾರಾಜ ಬರೀ ತಲೆಯಲ್ಲಿ ಕೂತ. ಅತ್ತಿಗುಪ್ಪೆ ಮೆಟ್ರೊ ಸ್ಟೇಷನ್ ಕೆಳಗಿನ ಸಿಗ್ನಲ್ ಹತ್ತಿರ ನೀನು ಇದ್ದಕ್ಕಿದ್ದಂತೆ ಗಾಡಿ ತಿರುಗಿಸಿ, ಪಿಲ್ಲರುಗಳ ನಡುವಿನ ಸಂದಿಯಿಂದ ಆಚೆ ಬದಿಗೆ ನುಗ್ಗಿದೆ. ನೀರಿನ ಟ್ಯಾಂಕರು ಬರುತ್ತಿತ್ತು. ಆಸ್ಪತ್ರೆಗೆ ನಾವು ಓಡಿ ಬರುವಷ್ಟರಲ್ಲಿ ನೀನು ಇರಲಿಲ್ಲ. ಮನೋಜನ ಕಾಲು ಮುರಿದಿತ್ತು. ಕಾಲು, ಅಷ್ಟೇ.

ಅವನು ಹಾಸಿಗೆಯಲ್ಲಿ ಮಲಗಿಕೊಂಡು ಪೊಲೀಸರಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. “ಅಭಿ ಫುಲ್ ಸ್ಪೀಡಲ್ಲಿದ್ದ ಸಾರ್. ಸಿಗ್ನಲ್ಲಲ್ಲಿ ನಿಲ್ಲೋಕೆ ಆಗ್ದೆ ತಿರುಗಿಸ್ಬಿಟ್ಟ. ನಾನು ಬೇಡ ಮಗಾ, ಬೇಡ ಮಗಾ ಅಂದೆ. ಕೇಳ್ಲಿಲ್ಲ.” ಮುಗಿಯಿತಲ್ಲ! ನೀನು ಎದ್ದು ಬಂದು ಅಲ್ಲ ಅನ್ನುವುದಿಲ್ಲ. ನಿನ್ನನ್ನು ಮಣ್ಣು ಮಾಡಿ ಬಂದು, ಶಿವಗಣಾರಾಧನೆಯ ಊಟಕ್ಕೆ ಕೂತ ನೆಂಟರ ಬಾಯಲ್ಲೆಲ್ಲ ಅದೇ ಮಾತು. “ಈಗಿನ ಹುಡುಗರಿಗೆ ಕೊಬ್ಬು.” ದಾವಣಗೆರೆಯ ದೊಡ್ಡತ್ತೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, “ತಾನೂ ಹೋದ, ಪಾಪ ಆ ಹುಡುಗನ ಕಾಲೂ ಮುರ್ದ” ಅಂದರು. ಅಮ್ಮ ಪಕ್ಕದಲ್ಲೇ ಇದ್ದಳು. ಅಪ್ಪ ನಿನ್ನ ಹೆಸರು ಎತ್ತುವುದನ್ನೇ ಬಿಟ್ಟರು. “ಅವನೇ ತಂದ್ಕೊಂಡಿದ್ದು” ಎಂದು ಒಂದೇ ಒಂದು ಸಲ ಅಂದರು. ಅಂಗಡಿಯಲ್ಲಿ ಯಾರೋ ಹೊಸ ಗಿರಾಕಿ ಎಷ್ಟು ಮಕ್ಕಳು ಅಂದರೆ, “ಒಬ್ಳು ಮಗಳು” ಅಂದರು. ನಾನು ಆಗ ಅಲ್ಲೇ ಡಬ್ಬಿ ಹಿಡಿದು ನಿಂತಿದ್ದೆ ಕಣೋ. ಡಬ್ಬಿ ಇಟ್ಟು ಬಂದೆ.

ನಿನ್ನ ದೋಸ್ತರು ನಮ್ಮ ರಸ್ತೆಯ ತುದಿಯಲ್ಲಿ ಫ್ಲೆಕ್ಸ್ ಕಟ್ಟಿದ್ದು ಆಗಲೇ. ಯಾರದೋ ಮದುವೆಯಲ್ಲಿ ಎರವಲು ಕೂಲಿಂಗ್ ಗ್ಲಾಸ್ ಹಾಕಿಕೊಂಡು ತೆಗೆಸಿದ ನಿನ್ನ ಫೋಟೋ. ಎರಡು ಬದಿ ದೀಪ. ಮೇಲೆ ‘ಮತ್ತೆ ಹುಟ್ಟಿ ಬಾ ಮಚ್ಚಾ’. ಕೆಳಗೆ ಗೆಳೆಯರ ತಲೆಗಳ ಸಾಲು, ಅದರಲ್ಲಿ ಮೊದಲನೆಯದು, ಎಲ್ಲರಿಗಿಂತ ದೊಡ್ಡದು ಮನೋಜನದು. ಇನ್ನೂ ಸರಿಯಾಗಿ ಬಾರದ ಮೀಸೆ ತಿರುವುತ್ತಾ ನಿಂತಿದ್ದಾನೆ. ಹಾಲು ತರಲು ಹೋದಾಗಲೆಲ್ಲ ಅಮ್ಮ ಆ ಫ್ಲೆಕ್ಸಿನ ಮುಂದೆ ನಿಲ್ಲುತ್ತಿದ್ದಳು. “ಅಷ್ಟೊಂದು ಅವಸರ ಏನಿತ್ತೋ ಇವನಿಗೆ” ಅನ್ನುತ್ತಿದ್ದಳು.

ಅತ್ತಿಗುಪ್ಪೆ ಸ್ಟೇಷನ್ ಮೆಟ್ಟಿಲ ಬುಡದಲ್ಲಿ ಹೂ ಮಾರುವ ಆಂಟಿ ಇದ್ದಾರಲ್ಲ, ಒಂದು ದಿನ ಅವರ ಹತ್ತಿರ ಸೇವಂತಿಗೆ ಕೊಳ್ಳುತ್ತಿದ್ದೆ. ಅವರಾಗಿಯೇ ಕೇಳಿದರು. “ಆಚೆ ಪಿಲ್ಲರ್ ಹತ್ರ ಹೂವ ಇಟ್ ಹೋಗ್ತೀಯಲ್ಲ ಮಗಳೇ, ಆ ಹುಡುಗ ನಿಂಗೇನಾಗ್ಬೇಕು?” ತಮ್ಮ ಅಂದೆ. ಮೊಳ ಹಾಕುತ್ತಿದ್ದ ಕೈ ನಿಂತಿತು. “ಅಯ್ಯೋ, ಅವನು ನಿಂತಿದ್ದ ಕಣಮ್ಮಾ. ಇಲ್ಲೇ, ನನ್ನ ಬುಟ್ಟಿ ಎದುರಿಗೆ ನಿಲ್ಲಿಸಿ ಕಾಲು ಕೆಳಗಿಟ್ಟಿದ್ದ. ಹಿಂದಿದ್ದನಲ್ಲ, ಬರಿತಲೆ ಹುಡುಗ, ಅವನೇ ಬೆನ್ನಿಗೆ ಗುದ್ದಿ, ‘ಮಾಮ ಬಂದ, ಮಾಮ ಬಂದ, ತಿರುಗ್ಸೋ ಲೋಫರ್’ ಅಂತ ಬಡ್ಕೊಂಡ. ನಿನ್ ತಮ್ಮ ಆ ಕಡೆನೂ ನೋಡ್ಲಿಲ್ಲ, ಈ ಕಡೆನೂ ನೋಡ್ಲಿಲ್ಲ, ತಿರುಗಿಸ್ಬಿಟ್ಟ.” ನಾನು ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ. ನೀರು ಕೊಟ್ಟರು.

ನಿಂತಿದ್ದೆಯಾ ಅಭಿ? ನಿಜವಾಗಲೂ ನಿಲ್ಲಿಸಿದ್ದೆಯಾ? ಹಾಗಾದರೆ ಮತ್ತೆ ಯಾಕೋ ತಿರುಗಿಸಿದೆ? ಅಕ್ಕ ನೂರು ಸಲ ಹೇಳಿದ್ದು ನಿನ್ನ ಒಂದು ಕಿವಿಗೂ ಹೋಗಲಿಲ್ಲ, ಆ ದರಿದ್ರದವನು ಒಂದೇ ಸಲ ಕೂಗಿದ್ದು ನಿನ್ನ ಎರಡೂ ಕೈಗೆ ಕೇಳಿಸಿಬಿಟ್ಟಿತಾ? ಹಿಡಿದರೆ ಏನಾಗುತ್ತಿತ್ತು? ಅಪ್ಪನಿಗೆ ಫೋನ್ ಬರುತ್ತಿತ್ತು, ಗಾಡಿ ಸ್ಟೇಷನ್ನಿಗೆ ಹೋಗುತ್ತಿತ್ತು, ನಾನು ಒಂದು ವಾರ ನಿನ್ನನ್ನು ಆಡಿಕೊಂಡು ನಗುತ್ತಿದ್ದೆ. ಅಷ್ಟೇ ತಾನೇ? ನಿನ್ನ ಮೇಲೂ ನನಗೆ ಸಿಟ್ಟಿದೆ ಕಣೋ. ಸತ್ತಿದ್ದೀಯ ಅಂತ ಬಿಟ್ಟಿದ್ದೇನೆ. ಇದ್ದಿದ್ದರೆ...

ಮಾರನೆಯ ಬೆಳಿಗ್ಗೆ ಅಡುಗೆಮನೆಯ ಕತ್ತರಿ ತೆಗೆದುಕೊಂಡು, ಸ್ಟೂಲು ಹೊತ್ತುಕೊಂಡು ರಸ್ತೆಯ ತುದಿಗೆ ಹೋದೆ. ಫ್ಲೆಕ್ಸಿನಲ್ಲಿದ್ದ ಮನೋಜನ ತಲೆಯನ್ನು ಮೀಸೆ ಸಮೇತ ಗುಂಡಗೆ ಕತ್ತರಿಸಿದೆ. ಇಸ್ತ್ರಿ ಅಣ್ಣ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. “ಏನ್ ಮೇಡಂ ಮಾಡ್ತಿದೀರಾ?” “ಪ್ರಿಂಟ್ ತಪ್ಪಾಗಿತ್ತು ಅಣ್ಣಾ, ಸರಿ ಮಾಡ್ತಿದೀನಿ.” ಅವನ ಮುಖವನ್ನು ತಂದು ನಮ್ಮ ಹಸಿ ಕಸದ ಬುಟ್ಟಿಗೆ ಹಾಕಿದೆ. ಕಸದ ಗಾಡಿಯ ಅಕ್ಕ ಅದನ್ನು ಎತ್ತಿ ನನ್ನ ಕೈಗೇ ಕೊಟ್ಟು, “ಪ್ಲಾಸ್ಟಿಕ್ಕು ಒಣ ಕಸಕ್ಕೆ ಹಾಕಮ್ಮಾ, ಓದಿರೋರು ನೀವೇ ಹಿಂಗ್ ಮಾಡಿದ್ರೆ” ಎಂದು ಬೈದರು. ಅವತ್ತು ನೀನು ಹೋದಮೇಲೆ ಮೊದಲ ಸಲ ನನಗೆ ನಗು ಬಂತು. ನಕ್ಕು ಒಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಪೊಲೀಸ್ ಸ್ಟೇಷನ್ನಿಗೆ ಹೋಗಬಹುದಿತ್ತು ಅನ್ನುತ್ತೀಯಾ? ಹೋಗಿ ಏನೆಂದು ಹೇಳಲಿ? ಗಾಡಿ ಓಡಿಸಿದವನಿಗೆ ಶಿಕ್ಷೆ ಇದೆ, ಚಿಕ್ಕ ಹುಡುಗನಿಗೆ ಗಾಡಿ ಕೊಟ್ಟ ಅಪ್ಪನಿಗೂ ಇದೆ. ಹಿಂದೆ ಕೂತು ಕೂಗಿದವನಿಗೆ ಏನಿದೆ? ಬಾಯಿಗೆ ಲೈಸೆನ್ಸ್ ಬೇಕು ಅಂತ ಯಾರೂ ಕಾನೂನು ಮಾಡಿಲ್ಲವಲ್ಲ. ಅದಕ್ಕೇ ಕಾಯುತ್ತಾ ಇದ್ದೆ. ನಾನು ಕೆಲಸ ಮಾಡುವುದು ಆರ್‌ಪಿಸಿ ಲೇಔಟಿನ ಕಣ್ಣಿನ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಅಂತ ಗೊತ್ತಲ್ಲ, ಅಲ್ಲಿ ಎಲ್ಲರೂ ಒಂದಲ್ಲ ಒಂದು ದಿನ ಬಂದೇ ಬರುತ್ತಾರೆ.

ಅವನೂ ಬಂದ. ಅವನ ಅಜ್ಜಿಯ ಕನ್ನಡಕ ತೆಗೆದುಕೊಂಡು ಹೋಗಲು ಬಂದಿದ್ದ. ಕಾಲು ಸರಿಹೋಗಿದೆ, ಸ್ವಲ್ಪ ಎಳೆದು ನಡೆಯುತ್ತಾನೆ. ಹದಿನೆಂಟು ತುಂಬಿದೆ, ಕೈಯಲ್ಲಿ ಲೈಸೆನ್ಸು, ಹೊರಗೆ ಹೊಸ ಬೈಕು. ನನ್ನನ್ನು ನೋಡಿ ಬೆವೆತುಹೋದ. “ಅಕ್ಕಾ, ನೀವು... ಇಲ್ಲಿ...” ನಾನು ಪೇಷೆಂಟುಗಳಿಗೆ ನಗುವ ನಗುವನ್ನೇ ನಕ್ಕೆ. “ಹೆಂಗಿದೀಯೋ ಮನೋಜ? ಬೈಕ್ ತಗೊಂಡ್ಯಂತೆ. ನನ್ನ ಡ್ಯೂಟಿ ಮುಗೀತು, ಅತ್ತಿಗುಪ್ಪೆವರ್ಗೂ ಬಿಡ್ತೀಯಾ?” ಇಲ್ಲ ಅನ್ನುವ ಮುಖ ಅವನಿಗೆಲ್ಲಿ? ನಮ್ಮ ನರ್ಸ್ ಹತ್ತಿರ ಹೆಲ್ಮೆಟ್ ಇಸಿದುಕೊಂಡು ಹತ್ತಿ ಕೂತೆ.

ಮೊದಲು ಮೊಟ್ಟೆ ಹೊತ್ತವನ ಹಾಗೆ ಹೋಗುತ್ತಿದ್ದ. ನಾನು ಮುಂದಕ್ಕೆ ಬಾಗಿ, “ಏನೋ, ಹಿಂಗ್ ಓಡಿಸಿದ್ರೆ ನಾಳೆ ತಲುಪ್ತೀವಷ್ಟೆ” ಅಂದೆ. ಬೈಕು ಜಿಗಿಯಿತು. “ಆ ಆಟೋ ಹಿಂದೆನೇ ಯಾಕೆ ಹೋಗ್ತಿದೀಯಾ?” ಎಡಗಡೆಯ ಸಂದಿಯಲ್ಲಿ ನುಗ್ಗಿಸಿದ. ನಾನು ಕೂಗಲಿಲ್ಲ ಅಭಿ, ಗದರಲಿಲ್ಲ, ಆಸ್ಪತ್ರೆಯಲ್ಲಿ ‘ಕೂತ್ಕೊಳ್ಳಿ, ಕರೀತೀವಿ’ ಅನ್ನುವ ದನಿಯಲ್ಲೇ ಹೇಳಿದೆ. ಅಷ್ಟಕ್ಕೇ ಅವನ ಮಣಿಕಟ್ಟು ತಿರುಗುತ್ತಿತ್ತು. ನಾನು ಹೇಳಿದ್ದು ಅವನ ತಲೆಗೆ ಹೋಗಿ, ಅಲ್ಲಿಂದ ಕೈಗೆ ಬರುತ್ತಿರಲಿಲ್ಲ, ಸೀದಾ ಕೈಗೇ ಹೋಗುತ್ತಿತ್ತು. ಹೀಗೇ ತಾನೇ ನಿನಗೂ ಆಗಿದ್ದು?

ಮೆಟ್ರೊ ಪಿಲ್ಲರುಗಳು ಕಂಡವು. ಸಿಗ್ನಲ್ ಹತ್ತಿರ ಬಿಳಿ ಶರಟಿನ ಪೊಲೀಸ್ ನಿಂತಿದ್ದರು. ಆಚೆ ಬದಿಯಿಂದ ಬಸ್ಸು ಬರುತ್ತಿತ್ತು. ನಿನ್ನ ಹತ್ತಿರ ಸುಳ್ಳು ಯಾಕೆ ಹೇಳಲಿ, ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬೆನ್ನಿಗೆ ಗುದ್ದಲು ಕೈ ಕೂಡ ಎತ್ತಿದ್ದೆ. ಕೂಗಿದ್ದರೆ ತಿರುಗಿಸುತ್ತಿದ್ದ, ಲೈಸೆನ್ಸು ಇದೆ, ಹೆಲ್ಮೆಟ್ಟು ಇದೆ ಅನ್ನುವುದೂ ನೆನಪಾಗದೆ ತಿರುಗಿಸುತ್ತಿದ್ದ. ನಾನೂ ಅದೇ ಬೈಕಿನ ಮೇಲಿದ್ದೇನೆ ಅನ್ನುವುದು ನನಗೂ ಹೊಳೆಯಲಿಲ್ಲ ನೋಡು. ನನ್ನನ್ನು ತಡೆದದ್ದು ಕರುಣೆ ಅಂದುಕೊಳ್ಳಬೇಡ. ಇವನು ಸತ್ತರೆ ಇವನಿಗೂ ಫ್ಲೆಕ್ಸ್ ಕಟ್ಟುತ್ತಾರೆ, ದೀಪ ಹಾಕುತ್ತಾರೆ, ಒಂದೇ ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ ಅನ್ನುವ ಹೊಟ್ಟೆಕಿಚ್ಚು. ಅಷ್ಟು ಸುಲಭಕ್ಕೆ ಬಿಡಬೇಕಾ ಇವನನ್ನು?

“ನಿಲ್ಸು” ಅಂದೆ. ನಿಲ್ಲಿಸಿದ. ಒಂದೇ ಮಾತಿಗೆ, ಪಕ್ಕಕ್ಕೆ ತೆಗೆದು, ಕಾಲು ಕೆಳಗಿಟ್ಟು ನಿಲ್ಲಿಸಿದ ಕಣೋ. ಇಷ್ಟೇನಾ? ಇಷ್ಟು ಸಾಕಿತ್ತಾ? ಅವತ್ತು ಅವನು ಈ ಒಂದು ಮಾತು ಅನ್ನಬಹುದಿತ್ತು. ಏನೂ ಅನ್ನದೆ ಬಾಯಿ ಮುಚ್ಚಿಕೊಂಡು ಕೂತಿದ್ದರೂ ನಡೆಯುತ್ತಿತ್ತು, ನೀನಾಗಲೇ ನಿಂತಿದ್ದೆಯಲ್ಲ. ನಾನು ಅವನ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ, “ಮಾಮ ಬಂದ ಮಗಾ, ತಿರುಗ್ಸೋ” ಅಂದೆ.

ಅವನ ಬೆನ್ನು ಮರಗಟ್ಟಿತು. ತಿರುಗಿ ನೋಡಲಿಲ್ಲ. “ಯಾರು ಹೇಳಿದ್ರು ಅಕ್ಕಾ?”

“ಯಾರು ಹೇಳಿದ್ರೆ ನಿಂಗೇನು? ಹೌದೋ, ಅಲ್ವೋ?”

“ಹೆಲ್ಮೆಟ್ ಇರ್ಲಿಲ್ಲ ಅಕ್ಕಾ ನನ್ ಹತ್ರ. ಹಿಡಿದ್ರೆ ಮನೆಗ್ ಫೋನ್ ಮಾಡ್ತಿದ್ರು. ನಮ್ಮಪ್ಪ ನನ್ನ ಸಾಯಿಸ್ಬಿಡ್ತಿದ್ರು.”

“ನಿಮ್ಮಪ್ಪ ಸಾಯಿಸ್ತಿರ್ಲಿಲ್ಲ ಕಣೋ. ಬೈತಿದ್ರು, ಎರಡೇಟು ಹಾಕ್ತಿದ್ರು, ಸಂಜೆ ಊಟಕ್ಕೆ ಕರೀತಿದ್ರು. ಸಾಯಿಸಿದ್ದು ನೀನು.”

ಅವನು ಹ್ಯಾಂಡಲ್ ಮೇಲೆ ತಲೆಯಿಟ್ಟು ಅಳಲು ಶುರು ಮಾಡಿದ. ಜನ ನೋಡುತ್ತಿದ್ದರು. ನೋಡಲಿ ಎಂದು ಸುಮ್ಮನೆ ಕೂತಿದ್ದೆ. ಆಮೇಲೆ, “ಅಳು ಸಾಕು, ನಡಿ ನಮ್ಮನೆಗೆ. ಮೆಲ್ಲಗೆ ಓಡ್ಸು” ಅಂದೆ. ಮೆಲ್ಲಗೇ ಓಡಿಸಿದ.

ಅಪ್ಪ ಅವತ್ತು ಮಧ್ಯಾಹ್ನದ ಊಟಕ್ಕೆ ಮನೆಗೇ ಬಂದಿದ್ದರು. ಮನೋಜ ಹೊಸ್ತಿಲ ಒಳಗೆ ನಿಂತು, ನೆಲ ನೋಡುತ್ತಾ ಎಲ್ಲ ಹೇಳಿದ. “ಅಂಕಲ್, ಅಭಿ ಸ್ಪೀಡಲ್ಲಿರ್ಲಿಲ್ಲ. ನಿಂತಿದ್ದ. ನಾನೇ ತಿರುಗ್ಸು ಅಂತ ಗುದ್ದಿದ್ದು. ಪೊಲೀಸ್ರಿಗೆ ಸುಳ್ಳು ಹೇಳ್ದೆ.” ಅಪ್ಪ ತಟ್ಟೆ ಬಿಟ್ಟು ಎದ್ದರು. ಎಂಜಲು ಕೈ ಮೇಲೆತ್ತಿದರು. ಆಗ ನಾನು ಬಾಯಿ ಬಿಟ್ಟೆ. “ಹೊಡೀರಿ ಅಪ್ಪಾ, ಚೆನ್ನಾಗ್ ಹೊಡೀರಿ. ಆದ್ರೆ ಒಂದೇಟು ನಿಮಗೂ ಇಟ್ಕೊಳ್ಳಿ, ಚಿಕ್ಕಪ್ಪಂಗೂ ಒಂದು. ಮಾಮ ಕಂಡ್ರೆ ತಿರುಗಿಸ್ಬಿಡು ಅಂತ ಇವನಿಗಿಂತ ಮುಂಚೆ ಹೇಳ್ಕೊಟ್ಟಿದ್ದು ಈ ಮನೇಲೇ. ಇದೇ ಟೇಬಲ್ ಮೇಲೆ.” ಅಪ್ಪನ ಕೈ ಕೆಳಗಿಳಿಯಿತು. ಕುರ್ಚಿಯಲ್ಲಿ ಕುಸಿದು ಕೂತರು. ಅಪ್ಪನಿಗೆ ಹಾಗೆ ಅನ್ನಬಾರದಿತ್ತು ಅಂತ ಚಿಕ್ಕಪ್ಪ ಈಗಲೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಅಮ್ಮ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದಳು. ಅವಳು ಕೇಳಿದ್ದು ಒಂದೇ ವಿಷಯ. “ಕಾಲು ಕೆಳಗಿಟ್ಟಿದ್ನಾ?”

“ಹೂಂ ಆಂಟಿ. ಎಡಗಾಲು.”

“ನಿಲ್ಲಿಸಿ, ಕಾಲು ಕೆಳಗಿಟ್ಟಿದ್ನಾ ನನ್ ಮಗ?”

“ಹೂಂ ಆಂಟಿ.”

ಅವಳು ಶಾಪ ಹಾಕುತ್ತಾಳೆ ಎಂದು ಕಾದಿದ್ದೆ, ನಿಜವಾಗಿ ಆಸೆಯಿಂದ ಕಾದಿದ್ದೆ. ಹಾಕಲಿಲ್ಲ. “ಹೋಗು. ಇನ್ನೊಂದ್ಸಲ ಈ ಮನೆ ಮೆಟ್ಟಿಲು ಹತ್ಬೇಡ” ಎಂದಳು. ಅವನು ಗೇಟು ದಾಟುವ ಮೊದಲೇ ಫೋನು ಎತ್ತಿಕೊಂಡಳು. ದಾವಣಗೆರೆಯ ದೊಡ್ಡತ್ತೆಗೆ. “ಅತ್ತಿಗೇ, ನಮ್ಮ ಅಭಿ ನಿಲ್ಲಿಸಿದ್ದ. ಕಾಲು ಕೆಳಗಿಟ್ಟಿದ್ದ. ಅವತ್ತು ನನ್ನ ಮನೇಲಿ ಉಣ್ತಾ ಒಂದ್ ಮಾತು ಅಂದ್ರಲ್ಲ, ಅದನ್ನ ವಾಪಸ್ ತಗೊಳ್ಳಿ. ತಗೊಂಡೆ ಅನ್ನಿ. ಬಾಯಲ್ಲಿ ಅನ್ನಿ.” ಅನ್ನಿಸಿಕೊಂಡು ಫೋನಿಟ್ಟಳು. ಆಮೇಲೆ ಸೋದರಮಾವ, ಆಮೇಲೆ ಹಿಂದಿನ ಬೀದಿಯ ಗೌರಮ್ಮ. ಅವತ್ತು ಊಟಕ್ಕೆ ಬಂದಿದ್ದ ಒಬ್ಬರನ್ನೂ ಬಿಡಲಿಲ್ಲ. ಒಲೆ ಮೇಲಿದ್ದ ಸಾರು ಸೀದು ಹೋಯಿತು. ಅಮ್ಮನೂ ನನ್ನ ಥರವೇ ಅಂತ ನನಗೆ ಅವತ್ತೇ ಗೊತ್ತಾಗಿದ್ದು ಕಣೋ.

ನಾನು ಮನೋಜನನ್ನು ಗೇಟಿನ ಹೊರಗೆ ಹಿಡಿದು ನಿಲ್ಲಿಸಿದೆ. ಅವನು ಅಂದುಕೊಂಡಿದ್ದ, ಮುಗಿಯಿತು ಅಂತ. “ಕೇಳಿಲ್ಲಿ. ಇನ್ಮೇಲೆ ಯಾರ ಗಾಡಿಲಿ ಹಿಂದೆ ಕೂತ್ರೂ, ಕೂರೋ ಮುಂಚೆ ಅವರಿಗೆ ಹೇಳ್ಬೇಕು. ‘ಹಿಂದಿಂದ ಕೂಗಿ ನನ್ನ ಫ್ರೆಂಡ್ ಅಭೀನ ಸಾಯಿಸಿದೋನು ನಾನು. ನಾನೇನಾದ್ರೂ ಕೂಗಿದ್ರೆ ಕೇಳ್ಬೇಡ, ಗಾಡಿ ನಿಲ್ಸಿ ಇಳಿಸ್ಬಿಡು.’ ಇಷ್ಟನ್ನೂ ಹೇಳ್ಬೇಕು. ಒಂದಕ್ಷರ ಬಿಡೋ ಹಂಗಿಲ್ಲ.” ಅವನು ಕೇಳಿದ. “ಹೇಳ್ಲಿಲ್ಲ ಅಂದ್ರೆ?” “ನಿನ್ನ ಕಾಲೇಜ್ ಗೇಟ್ ಮುಂದೆ ನಿಂತು ನಾನೇ ಹೇಳ್ತೀನಿ. ನನಗೆ ಮೈಕ್ ಬೇಡ, ನನ್ ಗಂಟ್ಲು ಗೊತ್ತಲ್ಲ ನಿಂಗೆ.”

ಹೇಳುತ್ತಿದ್ದಾನೆ ಅಭಿ. ನಾನು ಬಿಟ್ಟಿಲ್ಲ. ಅವನ ಗೆಳೆಯರ ನಂಬರೆಲ್ಲ ನನ್ನ ಹತ್ತಿರ ಇದೆ, ಕಣ್ಣು ಟೆಸ್ಟ್ ಮಾಡಿಸ್ತೀನಿ ಅಂತ ಒಬ್ಬೊಬ್ಬರನ್ನೂ ಪರಿಚಯ ಮಾಡಿಕೊಂಡಿದ್ದೇನೆ. “ಇವತ್ತು ಹತ್ತಿದ್ನಾ? ಹೇಳಿದ್ನಾ?” ಎಂದು ಕೇಳುತ್ತೇನೆ. ಮೊದಮೊದಲು ನಕ್ಕರಂತೆ. ಎರಡನೆಯ ಸಲ ಹೇಳುವಾಗ ಯಾರೂ ನಗಲಿಲ್ಲವಂತೆ. ಈಗ ಅವನನ್ನು ಕಂಡರೆ ಹುಡುಗರು ಗಾಡಿ ನಿಲ್ಲಿಸುವುದೇ ಕಡಿಮೆ. ಕಾಲು ಎಳೆದುಕೊಂಡು ಮೆಟ್ರೊಗೆ ನಡೆಯುತ್ತಾನೆ. ಅವನ ಅಮ್ಮ ಆಸ್ಪತ್ರೆಗೆ ಬಂದು ನನ್ನ ಕೌಂಟರ್ ಮುಂದೆ ಕಣ್ಣೀರಿಟ್ಟರು. “ಚಿಕ್ಕ ಹುಡುಗ ಕಣಮ್ಮಾ. ಸರಿಯಾಗಿ ಊಟ ಮಾಡಲ್ಲ. ಬಿಟ್ಬಿಡಮ್ಮಾ.” “ಆಂಟಿ, ಊಟ ಮಾಡಲ್ಲ ಅಂತ ಹೇಳ್ಕೊಳ್ಳೋಕೆ ನಿಮಗಾದ್ರೂ ಮಗ ಇದಾನೆ” ಅಂದೆ. ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತಿದ್ದವರೆಲ್ಲ ನನ್ನ ಕಡೆ ಮುಖ ತಿರುಗಿಸಿದರು. ಅಯ್ಯೋ ಅನ್ನಿಸಿತಾ ಅಂತ ಕೇಳುತ್ತೀಯಾ? ಇಲ್ಲ.

ಮೊನ್ನೆ ಒಬ್ಬಳು ಹುಡುಗಿ ಅವನ ಗೆಳೆಯರಿಂದ ನನ್ನ ನಂಬರ್ ಇಸಿದುಕೊಂಡು ಫೋನ್ ಮಾಡಿದ್ದಳು, ಅವನ ಚಿಕ್ಕಮ್ಮನ ಮಗಳಂತೆ, ಕೆಂಗೇರಿಯವಳು. ನಿನ್ನಷ್ಟೇ ವಯಸ್ಸು. ಮನೆಯವರಿಗೆ ಹೇಳದೆ ಸ್ಕೂಟರ್ ತೆಗೆದುಕೊಂಡು ಹೋಗಿದ್ದಳು, ಇವನು ಹಿಂದೆ. ಕೂರುವ ಮೊದಲು ತನ್ನ ಪಾಠ ಒಪ್ಪಿಸಿದ್ದಾನೆ. ಮುಂದೆ ತಿರುವಿನಲ್ಲಿ ಪೊಲೀಸರು ಅಡ್ಡ ನಿಂತಿದ್ದಾರೆ. “ನಾನು ತಿರುಗಿಸ್ಬಿಡೋಣ ಅಂತಿದ್ದೆ ಅಕ್ಕಾ. ಮನೋಜಣ್ಣ ನನ್ ಭುಜ ಹಿಡ್ಕೊಂಡು, ‘ನಿಲ್ಸು ಪುಟ್ಟಿ, ಏನೂ ಆಗಲ್ಲ. ಫೈನ್ ಹಾಕ್ಲಿ, ಚಿಕ್ಕಪ್ಪಂಗೆ ನಾನೇ ಹೇಳ್ತೀನಿ, ನಿಲ್ಸು’ ಅಂದ್ರು. ನಿಲ್ಲಿಸ್ದೆ.” ಅವಳಿಗೆ ಲೈಸೆನ್ಸ್ ಇಲ್ಲದೆ ಗಾಡಿ ಮುಟ್ಟಿದ್ದಕ್ಕೆ ಹಿಗ್ಗಾಮುಗ್ಗಾ ಬೈದು ಫೋನಿಟ್ಟೆ. ಸಂತೋಷ ಆಗಬೇಕಿತ್ತು ಅಲ್ವಾ? ಹೊಟ್ಟೆ ಉರಿದುಹೋಯಿತು ಕಣೋ. ಆ ಮಾತು ಅವನ ಬಾಯಲ್ಲಿ ಇತ್ತಲ್ಲ, ನಿನಗೆ ಯಾಕೆ ಹೇಳಲಿಲ್ಲ? ನಿನ್ನ ಭುಜ ಯಾಕೆ ಹಾಗೆ ಹಿಡಿದುಕೊಳ್ಳಲಿಲ್ಲ?

ಅಪ್ಪ ಈಗ ಗಿರಾಕಿಗಳಿಗೆ ಮಕ್ಕಳು ಇಬ್ಬರು ಅನ್ನುತ್ತಾರೆ. ಅಮ್ಮ ಹಾಲು ತರುವಾಗ ಎಲ್ಲೂ ನಿಲ್ಲುವುದಿಲ್ಲ. ನಾನೂ ಸ್ಕೂಟರ್ ಕಲಿಯುತ್ತಿದ್ದೇನೆ, ಲೈಸೆನ್ಸ್ ಬಂದಮೇಲೆ ಅವಳನ್ನು ಗುಡಿಗೆ ಕರೆದುಕೊಂಡು ಹೋಗುವುದು ನಾನೇ. ಇನ್ನೊಂದು ಸುದ್ದಿ ಹೇಳಿ ಮುಗಿಸುತ್ತೇನೆ.

ನಿನ್ನೆ ಡ್ಯೂಟಿ ಮುಗಿಸಿ ಹೊರಗೆ ಬಂದರೆ ಮನೋಜ ಗೇಟಿನ ಹತ್ತಿರ ನಿಂತಿದ್ದ. ಬಡವಾಗಿದ್ದಾನೆ. ಆ ಮೀಸೆಯನ್ನೂ ಬೋಳಿಸಿದ್ದಾನೆ. ಅವನೇ ಹತ್ತಿರ ಬಂದು ಕೇಳಿದ.

“ಇನ್ನೂ ಎಷ್ಟು ದಿನ ಹೇಳ್ಬೇಕು ಅಕ್ಕಾ?”

“ಅಭಿ ಬಂದು ‘ಸಾಕು ಬಿಡಕ್ಕಾ’ ಅನ್ನೋವರ್ಗೂ” ಅಂದೆ.

ಅವನು ತಲೆಯಾಡಿಸಿ ಹೊರಟು ಹೋದ. ನಾನು ಅಲ್ಲೇ ನಿಂತಿದ್ದೆ. ಬಂದು ಹೇಳೋ ಅಭಿ. ಒಂದೇ ಒಂದು ಸಲ ಬಂದು ಹೇಳು, ಅವನನ್ನು ಆ ಕ್ಷಣವೇ ಬಿಟ್ಟುಬಿಡುತ್ತೇನೆ.

ನಿನ್ನ ಅಕ್ಕ,
ಶ್ವೇತಾ